ತಿಥಿ ಮುಗಿದ ಮೇಲಿನ ಕಾಗದದ ರಾಶಿ

ಮನೆಯ ಹಿರಿಯರು ತೀರಿಕೊಂಡಾಗ ಮೊದಲ ಹದಿಮೂರು ದಿನ ಹೇಗೋ ಸಾಗಿಬಿಡುತ್ತವೆ. ನಾವು ಗಟ್ಟಿಯಾಗಿರುತ್ತೇವೆ ಅಂತಲ್ಲ, ಇವತ್ತು ಏನು ಮಾಡಬೇಕು ಎಂದು ಹೇಳುವವರು ಇರುತ್ತಾರೆ. ಮೂರನೇ ದಿನ ಹಾಲು-ತುಪ್ಪ, ಹತ್ತಕ್ಕೆ ಧರ್ಮೋದಕ, ಹದಿಮೂರಕ್ಕೆ ವೈಕುಂಠ ಸಮಾರಾಧನೆ. ಲಿಂಗಾಯತರ ಮನೆಯಲ್ಲಿ ಶಿವಗಣಾರಾಧನೆ, ಮುಸ್ಲಿಮರಲ್ಲಿ ನಲವತ್ತನೇ ದಿನ. ಹೆಸರು ಬೇರೆ, ಕ್ರಮ ಬೇರೆ. ಆದರೆ ಎಲ್ಲಿಯೂ ಅಷ್ಟೂ ದಿನದ ಕೆಲಸವನ್ನು ಯಾರೂ ಒಟ್ಟಿಗೆ ತಂದು ನಿಮ್ಮ ಮುಂದೆ ಸುರಿಯುವುದಿಲ್ಲ. ನಾಳೆ ಬೆಳಗ್ಗೆ ಏನು ಬೇಕು ಎಂಬುದನ್ನು ಇವತ್ತು ಸಂಜೆ ಹೇಳುತ್ತಾರೆ. ಹೂವು ತರುವವನು ಒಬ್ಬ, ಎಲೆ ತರುವವನು ಇನ್ನೊಬ್ಬ.

ನೆಂಟರು ಊರಿಗೆ ಹೊರಟ ಮೇಲೆ ಬೀರು ತೆಗೆದರೆ ಕೆಲಸ ಬೇರೆಯೇ ಮುಖ ತೋರಿಸುತ್ತದೆ. ನಾಲ್ಕು ಬ್ಯಾಂಕಿನ ಪಾಸ್‌ಬುಕ್ಕು, ರಬ್ಬರ್ ಬ್ಯಾಂಡ್ ಹಾಕಿದ ಎಲ್‌ಐಸಿ ಬಾಂಡುಗಳು, ಹಳದಿಯಾದ ಕ್ರಯಪತ್ರ, ಸೊಸೈಟಿಯ ಷೇರು ಸರ್ಟಿಫಿಕೇಟು, ಯಾವುದೋ ಚಿನ್ನದ ಗಿರವಿ ಚೀಟಿ, ಪಿಂಚಣಿಯ ಪುಸ್ತಕ, ಅಜ್ಜನ ಹೆಸರಿನಲ್ಲೇ ಉಳಿದ ಪಹಣಿ. ಇವಕ್ಕೆಲ್ಲ ಏನು ಮಾಡಬೇಕು ಎಂದು ಹೇಳುವ ಪುರೋಹಿತರು ಇಲ್ಲ. ಬಹಳಷ್ಟು ಮನೆಗಳಲ್ಲಿ ಆಗುವುದು ಒಂದೇ: ತೆಗೆದ ಬೀರುವನ್ನು ಹಾಗೇ ಮುಚ್ಚುತ್ತಾರೆ. ‘ವರ್ಷಾಬ್ದಿಕ ಆಗಲಿ, ನೋಡೋಣ.’ ವರ್ಷಾಬ್ದಿಕವೂ ಆಗುತ್ತದೆ, ಬೀರು ಮುಚ್ಚಿಯೇ ಇರುತ್ತದೆ. ಅಜ್ಜನ ಹೆಸರಿನಲ್ಲಿ ಪಹಣಿ ಉಳಿದದ್ದೂ ಹೀಗೆಯೇ. ಅದನ್ನು ಅಪ್ಪನ ಸೋಮಾರಿತನ ಎಂದು ನಾವು ಅಂದುಕೊಂಡಿದ್ದರೆ, ಈಗ ಅದೇ ಬೀರುವಿನ ಮುಂದೆ ನಿಂತಾಗ ಕೈಕಾಲು ಆಡದಿರುವುದು ಹೇಗಿರುತ್ತದೆಂದು ಗೊತ್ತಾಗುತ್ತದೆ.

ಕೆಲಸ ದೊಡ್ಡದೇ, ಸುಳ್ಳಲ್ಲ. ಆದರೆ ಕಂಗೆಡಿಸುವುದು ಅದರ ಗಾತ್ರವೊಂದೇ ಅಲ್ಲ. ಇದೇ ವಾರ ಆಗಬೇಕಾದದ್ದು, ಎರಡು ವರ್ಷ ಬಿಟ್ಟು ಮಾಡಿದರೂ ನಡೆಯುವಂಥದ್ದು, ನಾವು ಮಾಡಬೇಕಾಗಿಯೇ ಇಲ್ಲದ್ದು, ಈ ಮೂರೂ ಒಂದೇ ಗಂಟಿನಲ್ಲಿ ಕಟ್ಟಿಕೊಂಡಿರುವುದರಿಂದ ಎಲ್ಲವೂ ಇವತ್ತೇ ಆಗಬೇಕು ಅನ್ನಿಸುತ್ತದೆ. ಎಲ್ಲವೂ ಇವತ್ತೇ ಅನ್ನಿಸಿದಾಗ ಯಾವುದನ್ನೂ ಮುಟ್ಟುವುದಿಲ್ಲ. ಆದ್ದರಿಂದ ಮೊದಲು ಮಾಡಬೇಕಾದದ್ದು ಯಾವ ಕಚೇರಿಗೂ ಹೋಗುವುದಲ್ಲ. ಗಂಟು ಬಿಚ್ಚಿ ಕಾಯುವುದನ್ನೂ ಕಾಯದಿರುವುದನ್ನೂ ಬೇರೆ ಮಾಡುವುದು.

ಇದಕ್ಕೆ ಒಂದು ಸಂಜೆ ಸಾಕು. ಶಾಲೆಯ ಮಕ್ಕಳ ಉದ್ದ ನೋಟ್‌ಪುಸ್ತಕ ಒಂದನ್ನು ತನ್ನಿ. ಮೊಬೈಲಿನ ಆ್ಯಪ್ ಬೇಡ ಎನ್ನುವುದು ನನ್ನ ಅಭಿಪ್ರಾಯ. ಈ ಪಟ್ಟಿಯನ್ನು ಅಮ್ಮನೂ ಓದಬೇಕು, ತಂಗಿಯೂ ಓದಬೇಕು, ಬ್ಯಾಂಕಿನ ಕೌಂಟರಿನಲ್ಲಿ ಅದನ್ನು ಎತ್ತಿ ತೋರಿಸಲೂ ಬರಬೇಕು. ಸಿಕ್ಕ ಒಂದೊಂದು ಕಾಗದಕ್ಕೂ ಒಂದು ಸಾಲು: ಇದು ಏನು, ಯಾವ ಕಚೇರಿಯದು, ಕೊನೆಯ ದಿನಾಂಕ ಇದೆಯೇ. ಆ ಸಂಜೆ ಏನನ್ನೂ ಬಗೆಹರಿಸಲು ಹೋಗಬೇಡಿ, ಬರೆಯಿರಿ ಅಷ್ಟೇ. ಬರೆದ ಮೇಲೆ ರಾತ್ರಿ ಸ್ವಲ್ಪ ನಿದ್ದೆ ಬರುತ್ತದೆ, ಅದಕ್ಕೆ ಕಾರಣವೂ ಇದೆ. ಅರ್ಧಕ್ಕೆ ನಿಂತ ಕೆಲಸ ಮುಗಿದ ಕೆಲಸಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ ಎಂಬ ಮನಶ್ಶಾಸ್ತ್ರಜ್ಞೆ 1927ರಲ್ಲೇ ಬರೆದರು. 2011ರಲ್ಲಿ ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು ಇದಕ್ಕೆ ಮುಂದಿನ ಮಾತು ಸೇರಿಸಿದರು: ಬಾಕಿ ಕೆಲಸ ಮುಗಿಯಬೇಕೆಂದೇನಿಲ್ಲ, ಅದನ್ನು ಯಾವಾಗ ಹೇಗೆ ಮಾಡುತ್ತೇನೆ ಎಂಬ ಖಚಿತ ಯೋಜನೆ ಇದ್ದರೂ ಸಾಕು, ಅದು ಪದೇ ಪದೇ ತಲೆಯೊಳಗೆ ಬಂದು ಕಾಡುವುದು ಕಡಿಮೆಯಾಗುತ್ತದೆ. ‘ಬ್ಯಾಂಕಿನ ಕೆಲಸ ಮಾಡಬೇಕು’ ಎಂಬುದು ಯೋಜನೆಯಲ್ಲ. ‘ಸೋಮವಾರ ಹನ್ನೊಂದಕ್ಕೆ ಅಮ್ಮನನ್ನು ಕರೆದುಕೊಂಡು ಪಿಂಚಣಿ ಬರುವ ಶಾಖೆಗೆ’ ಎಂಬುದು ಯೋಜನೆ.

ಈಗ ಕಾಯದಿರುವ ಕೆಲಸಗಳು. ಇವು ನೀವು ಹೆದರಿದಷ್ಟು ಇಲ್ಲ.

ಎಲ್ಲಕ್ಕಿಂತ ಮೊದಲು ಮರಣದ ನೋಂದಣಿ. ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ ತಿಳಿಸುವ ಹೊಣೆ ಆಸ್ಪತ್ರೆಯದು, ಮನೆಯಲ್ಲಾದರೆ ನಿಮ್ಮದು. ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯಲ್ಲಿ ಅಥವಾ ಗ್ರಾಮ ಆಡಳಿತಾಧಿಕಾರಿಯ ಬಳಿ, ಪಟ್ಟಣದಲ್ಲಿ ಪುರಸಭೆ, ನಗರಸಭೆ ಅಥವಾ ಪಾಲಿಕೆಯಲ್ಲಿ ವಿಚಾರಿಸಿ. ತಿಂಗಳು ದಾಟಿದರೆ ಅನುಮತಿ ಬೇಕು, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಬೇಕು. ಅರ್ಜಿ ಕೊಡುವ ಮೊದಲು ಹೆಸರಿನ ಅಕ್ಷರಗಳನ್ನು ಆಧಾರ್, ಪಾಸ್‌ಬುಕ್, ಪಹಣಿ ಮೂರರ ಜೊತೆಗೂ ಹೋಲಿಸಿ ನೋಡಿ. ಒಂದರಲ್ಲಿ ರಾಮಪ್ಪ, ಇನ್ನೊಂದರಲ್ಲಿ ರಾಮಯ್ಯ, ಮತ್ತೊಂದರಲ್ಲಿ ಊರಿನ ಹೆಸರೂ ಸೇರಿದ್ದರೆ ಮುಂದೆ ಪ್ರತಿ ಕೌಂಟರಿನಲ್ಲೂ ‘ಇಬ್ಬರೂ ಒಬ್ಬರೇ’ ಎಂದು ಅಫಿಡವಿಟ್ ಕೊಡುತ್ತ ಹೋಗಬೇಕಾಗುತ್ತದೆ. ಪ್ರಮಾಣಪತ್ರದ ಪ್ರತಿಗಳನ್ನು ಒಂದೇ ಸಲಕ್ಕೆ ಹತ್ತಾದರೂ ತೆಗೆದುಕೊಳ್ಳಿ. ಒಂದೇ ಒಂದು ಪ್ರತಿ ಇಟ್ಟುಕೊಂಡವರು ಒಂದು ಕಚೇರಿಯಿಂದ ಅದು ವಾಪಸು ಬರುವವರೆಗೆ ಇನ್ನೊಂದಕ್ಕೆ ಹೋಗಲಾರದೆ ಕೂತಿರುವುದನ್ನು ನೋಡಿದ್ದೇನೆ.

ಆಮೇಲೆ ಉಳಿದವರ ತಿಂಗಳ ಖರ್ಚು. ಅಪ್ಪ ಪಿಂಚಣಿದಾರರಾಗಿದ್ದರೆ ಅಮ್ಮನಿಗೆ ಕುಟುಂಬ ಪಿಂಚಣಿ ಶುರುವಾಗಬೇಕು. ಪಿಪಿಒ ಎಂಬ ಪಿಂಚಣಿ ಆದೇಶದ ಪುಸ್ತಕ ಹಿಡಿದು ಪಿಂಚಣಿ ಬರುತ್ತಿದ್ದ ಬ್ಯಾಂಕಿಗೆ ಮೊದಲ ಭೇಟಿ ಕೊಡಿ. ತೀರಿಕೊಂಡ ಮೇಲೂ ಅವರ ಖಾತೆಗೆ ಜಮೆಯಾದ ಪಿಂಚಣಿಯನ್ನು ಮುಟ್ಟಬೇಡಿ, ಅದನ್ನು ಹಿಂದಕ್ಕೆ ಪಡೆಯುತ್ತಾರೆ. ಹಾಗೆಯೇ ಅವರ ಎಟಿಎಂ ಕಾರ್ಡಿನ ಪಿನ್ ಗೊತ್ತಿದೆ ಎಂದು ಹಣ ತೆಗೆಯುವ ಅಭ್ಯಾಸವೂ ಬೇಡ. ತಿಥಿ ಖರ್ಚಿಗೆ ಅಂತ ತೆಗೆದದ್ದೇ ಆದರೂ, ನಾಳೆ ಅಣ್ಣತಮ್ಮಂದಿರ ನಡುವೆ ಮಾತು ಬೆಳೆದರೆ ಅದೇ ಮೊದಲ ಆರೋಪವಾಗುತ್ತದೆ. ಸೇವೆಯಲ್ಲಿರುವಾಗಲೇ ತೀರಿಕೊಂಡಿದ್ದು, ನೌಕರರ ಭವಿಷ್ಯ ನಿಧಿ (ಇಪಿಎಫ್) ಖಾತೆ ಇದ್ದರೆ ಅದರೊಂದಿಗೆ ವಿಮೆಯೂ ಇರುತ್ತದೆ, 7 ಲಕ್ಷ ರೂಪಾಯಿವರೆಗೆ. ಎಷ್ಟೋ ಮನೆಯವರಿಗೆ ಇದು ಗೊತ್ತೇ ಇರುವುದಿಲ್ಲ.

ಮೂರನೆಯದು ಬಡ್ಡಿ ಬೆಳೆಯುವಂಥವು. ಚಿನ್ನದ ಗಿರವಿ, ಕೈಸಾಲ, ಸೊಸೈಟಿಯ ಬೆಳೆ ಸಾಲ, ಗೃಹಸಾಲದ ಕಂತು. ಗಿರವಿ ಚೀಟಿ ಸಿಕ್ಕಿದರೆ ಆ ವಾರವೇ ಹೋಗಿ ಅವಧಿ ಯಾವಾಗ ಮುಗಿಯುತ್ತದೆ ಕೇಳಿ. ನೋಟಿಸು ಸತ್ತವರ ವಿಳಾಸಕ್ಕೆ ಬಂದು, ಯಾರೂ ಒಡೆಯದೆ, ಒಡವೆ ಹರಾಜಿಗೆ ಹೋದದ್ದುಂಟು. ಗೃಹಸಾಲವಾದರೆ ಸಾಲದ ಜೊತೆಗೆ ವಿಮೆ ಮಾಡಿಸಿದ್ದರೇ ಎಂದು ಬಾಯಿಬಿಟ್ಟು ಕೇಳಬೇಕು, ಅವರಾಗಿ ಹೇಳಲಿ ಎಂದು ಕಾಯಬೇಡಿ.

ಇಲ್ಲಿ ಪಾಸ್‌ಬುಕ್ಕಿನ ಬಗ್ಗೆ ಒಂದು ಮಾತು. ಬೀರುವಿನಲ್ಲಿ ಸಿಗದದ್ದು ಪಾಸ್‌ಬುಕ್ಕಿನಲ್ಲಿ ಸಿಗುತ್ತದೆ. ಎಂಟ್ರಿ ಹಾಕಿಸಿಕೊಂಡು ಬಂದು ಕಳೆದ ಎರಡು ವರ್ಷದ ಸಾಲುಗಳನ್ನು ಸ್ಕೇಲು ಇಟ್ಟು ಓದಿ. ಮೇ ತಿಂಗಳ ಕೊನೆಯ ಸುಮಾರಿಗೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆ, 2 ಲಕ್ಷದ್ದು. ಅದು 55 ವರ್ಷದವರೆಗಿನವರಿಗೆ. 20 ರೂಪಾಯಿ ಕಡಿತವಿದ್ದರೆ ಅದು ಸುರಕ್ಷಾ ವಿಮೆ, ಅಪಘಾತದ ಸಾವಿಗೆ 2 ಲಕ್ಷ. ಈ ಎರಡಕ್ಕೂ ಬೇಗ ಕೇಳಿದಷ್ಟೂ ಒಳ್ಳೆಯದು, ತಿಂಗಳೊಳಗೆ ಬ್ಯಾಂಕಿಗೆ ಅರ್ಜಿ ಕೊಡಿ. ಮೂರು ತಿಂಗಳಿಗೊಮ್ಮೆ ಒಂದೇ ಮೊತ್ತ ಹೋಗುತ್ತಿದ್ದರೆ ಯಾವುದೋ ಪಾಲಿಸಿಯ ಪ್ರೀಮಿಯಂ ಇರಬಹುದು. ತಿಂಗಳಿಗೊಮ್ಮೆಯಾದರೆ ಚೀಟಿ, ಆರ್‌ಡಿ ಅಥವಾ ಮ್ಯೂಚುವಲ್ ಫಂಡ್. ಇದೇ ಕಾರಣಕ್ಕೆ ಅಪ್ಪನ ಮೊಬೈಲ್ ಸಿಮ್ಮನ್ನು ಅವಸರದಲ್ಲಿ ನಿಲ್ಲಿಸಬೇಡಿ, ರೀಚಾರ್ಜ್ ಮಾಡಿಸಿ ಇಟ್ಟುಕೊಳ್ಳಿ. ಆ ಫೋನಿಗೆ ಬರುವ ‘ನಿಮ್ಮ ಕಂತು ಬಾಕಿ ಇದೆ’ ಎಂಬ ಮೆಸೇಜುಗಳೇ ನಿಮಗೆ ಗೊತ್ತಿಲ್ಲದ ಖಾತೆಗಳ ಸುಳಿವು. ಬರುವ ಒಟಿಪಿಯನ್ನು ಹಣ ತೆಗೆಯಲು ಬಳಸಬೇಡಿ, ಅಷ್ಟೇ.

ಕಾಯದಿರುವುದು ಇಷ್ಟೇ. ಗಾಡಿ ಇದ್ದರೆ ಇನ್ನೊಂದು ಸೇರಿಸಿ: ಆರ್‌ಟಿಒಗೆ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಆರ್‌ಸಿ ಬದಲಾವಣೆಗೆ ಅರ್ಜಿ ಕೊಡಬೇಕು, ವಿಮೆಯ ಹೆಸರೂ ಬದಲಾಗಬೇಕು.

ಇನ್ನು ಕಾಯುವಂಥವು. ಬ್ಯಾಂಕಿನಲ್ಲಿರುವ ಠೇವಣಿ ಎಲ್ಲಿಗೂ ಓಡಿಹೋಗುವುದಿಲ್ಲ. ನಾಮಿನಿ ಇದ್ದು ದಾಖಲೆಗಳೆಲ್ಲ ಸರಿಯಿದ್ದರೆ 15 ದಿನದೊಳಗೆ ಇತ್ಯರ್ಥ ಮಾಡಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಹೇಳಿದೆ. ಆ 15 ದಿನ ಎಣಿಕೆಯಾಗುವುದು ನೀವು ಕೊಟ್ಟಾಗಿನಿಂದ, ಆದ್ದರಿಂದ ನಿಮಗೆ ಪುರುಸೊತ್ತಾದಾಗ ಕೊಡಿ. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಹೋದರೂ ಅದನ್ನು ವಾರಸುದಾರರು ಕೇಳಿ ಪಡೆಯಬಹುದು. ಅಜ್ಜನ ಕಾಲದ ಯಾವುದಾದರೂ ಖಾತೆ ಮರೆತುಹೋಗಿದೆಯೇ ಎಂದು ಹುಡುಕಲು 2023ರಿಂದ ‘ಉದ್ಗಮ್’ ಎಂಬ ಜಾಲತಾಣವೂ ಇದೆ. ತಡವಾದರೆ ಹಣ ಮುಳುಗಿತು ಎಂಬ ಭಯವೇ ಎಷ್ಟೋ ಜನರನ್ನು ಮೊದಲ ತಿಂಗಳಲ್ಲಿ ಕಂಡಕಂಡಲ್ಲಿಗೆ ಓಡಿಸುತ್ತದೆ, ಎರಡನೇ ತಿಂಗಳಿಗೆ ಸುಸ್ತಾಗಿ ಕೂರಿಸುತ್ತದೆ.

ಒಂದು ತಿಳಿವಳಿಕೆ ಮಾತ್ರ ಮೊದಲೇ ಇರಲಿ. ಬ್ಯಾಂಕಿನ ನಾಮಿನಿ ಹಣದ ಒಡೆಯನಲ್ಲ, ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವನು. ‘ನನ್ನ ಹೆಸರು ಹಾಕಿದ್ದಾರೆ, ಆದ್ದರಿಂದ ನನ್ನದು’ ಎಂಬ ಮಾತಿನಿಂದ ಶುರುವಾದ ಜಗಳಗಳಿಗೆ ಲೆಕ್ಕವಿಲ್ಲ.

ಜಮೀನು ಈ ರಾಶಿಯಲ್ಲಿ ಅತಿ ಭಾರದ್ದು. ಅದಕ್ಕೇ ಅದನ್ನು ಒಂದೇ ಕೆಲಸವೆಂದು ಪಟ್ಟಿಯಲ್ಲಿ ಬರೆಯಲೇಬಾರದು. ‘ಆಸ್ತಿ ವಿಚಾರ’ ಎಂದು ಒಂದು ಸಾಲು ಬರೆದಿಟ್ಟರೆ ಆ ಸಾಲು ಹತ್ತು ವರ್ಷ ಅಲ್ಲೇ ಇರುತ್ತದೆ. ಅದರೊಳಗೆ ಕನಿಷ್ಠ ಮೂರು ಬೇರೆ ಬೇರೆ ಕೆಲಸಗಳಿವೆ, ಒಂದಾದ ಮೇಲೆ ಒಂದು.

ಮೊದಲನೆಯದು ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ, ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡಿ ದೃಢೀಕರಿಸುತ್ತಾರೆ. ಇದರಲ್ಲಿ ಒಬ್ಬರನ್ನೂ ಬಿಡುವಂತಿಲ್ಲ. ಮದುವೆಯಾಗಿ ಹೋದ ಅಕ್ಕತಂಗಿಯರು, ತೀರಿಕೊಂಡ ಅಣ್ಣನ ಹೆಂಡತಿ ಮಕ್ಕಳು, ದೂರದೇಶದಲ್ಲಿರುವವರು, ಎಲ್ಲರೂ. ‘ಅವಳಿಗೆ ಮದುವೆ ಖರ್ಚು ಮಾಡಿ ಆಗಿದೆಯಲ್ಲ’ ಎಂಬ ಮಾತು ಈಗಲೂ ಹಳ್ಳಿಕಟ್ಟೆಯಲ್ಲಿ ಕೇಳುತ್ತದೆ. ಕಾನೂನು ಆ ಮಾತನ್ನು ಕೇಳುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಲ್ ಬರೆಯದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿಗೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವರ ತಾಯಿ, ಎಲ್ಲರೂ ಸಮಾನ ಹಕ್ಕುದಾರರು. ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು 2005ರ ತಿದ್ದುಪಡಿ ಹೇಳಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಮುಸ್ಲಿಮರಿಗೆ, ಕ್ರೈಸ್ತರಿಗೆ ಬೇರೆ ನಿಯಮಗಳಿವೆ. ಹೆಸರು ಬಿಟ್ಟು ಮಾಡಿದ ಕೆಲಸ ಮುಗಿದ ಹಾಗೆ ಕಾಣುತ್ತದೆ, ಇಪ್ಪತ್ತು ವರ್ಷದ ನಂತರ ಮೊಮ್ಮಕ್ಕಳ ಕಾಲಕ್ಕೆ ಕೋರ್ಟಿನಿಂದ ಸಮನ್ಸಾಗಿ ಬರುತ್ತದೆ.

ಎರಡನೆಯದು ಪೌತಿ ಖಾತೆ, ಅಂದರೆ ಪಹಣಿಯಲ್ಲಿ ಸತ್ತವರ ಹೆಸರಿನ ಜಾಗದಲ್ಲಿ ವಾರಸುದಾರರ ಹೆಸರು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಪ್ರತಿ ಇದ್ದರೆ ಅರ್ಜಿ ಹಾಕಬಹುದು. ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕೆಂದು 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಹೇಳುತ್ತದೆ, ಆದರೆ ತಡವಾಯಿತೆಂದು ಹಕ್ಕೇನೂ ಹೋಗುವುದಿಲ್ಲ. ಹೋಗುವುದು ಬೇರೆ: ಹೆಸರು ಬದಲಾಗದ ಪಹಣಿಗೆ ಬೆಳೆ ಸಾಲವಾಗಲೀ ಬೆಳೆ ಪರಿಹಾರವಾಗಲೀ ಸುಲಭವಾಗಿ ಸಿಗದು.

ಪೌತಿ ಮಾಡಿಸುವಾಗ ಪಾಲು ಮಾಡಲೇಬೇಕು ಎಂದು ಬಹಳ ಜನ ಅಂದುಕೊಂಡಿದ್ದಾರೆ, ಕೆಲಸ ನಿಲ್ಲುವುದೇ ಅಲ್ಲಿ. ಯಾರಿಗೆ ಕೆರೆ ಕೆಳಗಿನ ಗದ್ದೆ, ಯಾರಿಗೆ ರಸ್ತೆ ಪಕ್ಕದ ಹೊಲ ಎಂಬ ಮಾತು ಎದ್ದ ಕೂಡಲೇ ಎಲ್ಲ ಗಪ್‌ಚುಪ್. ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಿಕೊಂಡು ಅಲ್ಲಿಗೆ ನಿಲ್ಲಿಸಬಹುದು. ಪಾಲು ಮೂರನೆಯ ಕೆಲಸ. ವಿಭಾಗ ಪತ್ರ, ಸರ್ವೆ, 11ಇ ನಕ್ಷೆ, ನೋಂದಣಿ ಇವೆಲ್ಲ ಅದರ ಬೆನ್ನಿಗೆ ಬರುವಂಥವು. ಅದನ್ನು ವರ್ಷ ಬಿಟ್ಟು, ಎಲ್ಲರ ಮನಸ್ಸೂ ತಿಳಿಯಾದ ಮೇಲೆ ಮಾಡಿದರೂ ಆದೀತು. ದುಃಖದ ತಿಂಗಳಲ್ಲಿ ಪಾಲಿನ ಮಾತು ಎತ್ತುವುದು ಒಳ್ಳೆಯದಲ್ಲ ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ನನ್ನ ಪೂರ್ಣ ಸಮ್ಮತಿ ಇದೆ. ಆದರೆ ಅದೇ ನೆಪದಲ್ಲಿ ಪೌತಿಯನ್ನೂ ಬಿಡುವುದು ಸರಿಯಲ್ಲ. ಅಕ್ಕತಂಗಿಯರಿಗೆ ಇನ್ನೊಂದು ಮಾತು: ‘ಪೌತಿಗೆ ಒಂದು ಸಹಿ ಬೇಕು’ ಎಂದು ಬಂದ ಕಾಗದವನ್ನು ಓದಿಯೇ ಸಹಿ ಮಾಡಿ. ಒಪ್ಪಿಗೆ ಪತ್ರ ಬೇರೆ, ಹಕ್ಕು ಬಿಡುಗಡೆ ಪತ್ರ ಬೇರೆ.

ಊರಿನ ಮನೆ, ಪೇಟೆಯ ಸೈಟು ಇದ್ದರೆ ಅವುಗಳ ಖಾತೆ ಪಂಚಾಯಿತಿಯಲ್ಲೋ ನಗರ ಸಂಸ್ಥೆಯಲ್ಲೋ ಬದಲಾಗಬೇಕು. ಕ್ರಮ ಹೆಚ್ಚುಕಡಿಮೆ ಇದೇ.

ಇದನ್ನೆಲ್ಲ ಯಾರು ಮಾಡಬೇಕು? ಸಾಮಾನ್ಯವಾಗಿ ಊರಲ್ಲೇ ಇರುವ ಮಗ, ಇಲ್ಲವೇ ಮದುವೆಯಾಗದ ಮಗಳು. ಉಳಿದವರು ವಾಟ್ಸ್ಯಾಪ್ ಗುಂಪಿನಲ್ಲಿ ‘ಏನಾಯ್ತು?’ ಎಂದು ಕೇಳುವವರು. ಇದು ಅನ್ಯಾಯ, ಜೊತೆಗೆ ಕೆಲಸವನ್ನು ನಿಧಾನಿಸುವ ಖಚಿತ ದಾರಿ. ಕಚೇರಿ ಅಲೆಯಲು ಆಗದವರಿಗೂ ಕೆಲಸವಿದೆ. ಬೆಂಗಳೂರಿನಲ್ಲೋ ದುಬೈನಲ್ಲೋ ಕೂತಿರುವ ಮಗ ವಿಮೆ ಕಂಪನಿಗಳಿಗೆ ಫೋನು ಮಾಡಬಹುದು, ಅಪ್ಪನ ಕೊನೆಯ ಆದಾಯ ತೆರಿಗೆ ರಿಟರ್ನ್ ಸಲ್ಲಿಸಬಹುದು. ತೆರಿಗೆಯ ಮಟ್ಟದ ಆದಾಯವಿದ್ದರೆ ತೀರಿಕೊಂಡ ದಿನದವರೆಗಿನ ಲೆಕ್ಕವನ್ನು ವಾರಸುದಾರರು ಸಲ್ಲಿಸಬೇಕು, ಅದೆಲ್ಲ ಆನ್‌ಲೈನ್. ಸೊಸೆಗೆ ಕಾಗದ ಜೋಡಿಸುವ ಕೈಯಿದ್ದರೆ ಫೈಲು ಅವಳ ಹೊಣೆ. ಬಿಡುವಿಲ್ಲದ ಅಳಿಯ ತಿಂಗಳಿಗೆ ಒಂದು ದಿನ ಅತ್ತೆಯವರನ್ನು ಗಾಡಿಯಲ್ಲಿ ಕರೆದುಕೊಂಡು ಹೋದರೂ ಅದು ದೊಡ್ಡದೇ. ‘ಎಲ್ಲರೂ ಸೇರಿ ಮಾಡೋಣ’ ಎಂದರೆ ಯಾರೂ ಮಾಡುವುದಿಲ್ಲ; ಪಟ್ಟಿಯ ಪ್ರತಿ ಸಾಲಿನ ಎದುರು ಒಂದೇ ಒಂದು ಹೆಸರು ಇರಲಿ. ದುಡ್ಡು ಕೊಟ್ಟು ಮಾಡಿಸಬಹುದಾದದ್ದನ್ನು ಮಾಡಿಸಿ. ಅರ್ಜಿ ಬರೆಯುವ ಪತ್ರಬರಹಗಾರರಿಗೆ, ವಕೀಲರಿಗೆ ಕೊಡುವ ಶುಲ್ಕ ದಂಡವಲ್ಲ. ‘ನಾನು ಒಳಗೆಲ್ಲ ಮಾತಾಡಿದ್ದೇನೆ’ ಎಂದು ಕಚೇರಿ ಬಾಗಿಲಲ್ಲಿ ನಿಂತು ಮೂಲ ಪತ್ರಗಳನ್ನೇ ಕೇಳುವವರಿಗೆ ಮಾತ್ರ ಏನನ್ನೂ ಕೊಡಬೇಡಿ. ಜೆರಾಕ್ಸ್ ಕೊಡಿ, ಮೂಲ ನಿಮ್ಮ ಕೈಯಲ್ಲಿರಲಿ.

ಕೌಂಟರಿಗೆ ಹೋಗುವಾಗ ಒಂದು ದಿನಕ್ಕೆ ಒಂದೇ ಕಚೇರಿ. ಪೇಟೆಗೆ ಹೇಗೂ ಹೋಗುತ್ತೇವೆಂದು ಬ್ಯಾಂಕು, ಎಲ್‌ಐಸಿ, ತಾಲ್ಲೂಕು ಕಚೇರಿ ಮೂರನ್ನೂ ಇಟ್ಟುಕೊಂಡರೆ ಮೂರರಲ್ಲೂ ಅರ್ಧರ್ಧ ಮುಗಿದು, ಸಂಜೆ ಮನೆಗೆ ಬರುವುದು ಸೋಲಿನ ಭಾವ ಮಾತ್ರ. ಮೊದಲ ಭೇಟಿಯ ಗುರಿ ಕೆಲಸ ಮುಗಿಸುವುದಲ್ಲ, ‘ಏನೇನು ಬೇಕು’ ಎಂಬುದನ್ನು ಅವರ ಬಾಯಿಂದ ಕೇಳಿ ಬರೆದುಕೊಳ್ಳುವುದು. ಹೇಳಿದ ಸಿಬ್ಬಂದಿಯ ಹೆಸರು, ದಿನಾಂಕ ಅದರ ಪಕ್ಕದಲ್ಲಿ. ಅರ್ಜಿ ಕೊಟ್ಟ ದಿನ ಸ್ವೀಕೃತಿ ಪಡೆಯದೆ ಮೆಟ್ಟಿಲಿಳಿಯಬೇಡಿ. ‘ನಾಳೆ ಬನ್ನಿ’ ಎಂದಾಗ ‘ನಾಳೆ ಯಾರನ್ನು ಕೇಳಲಿ?’ ಎಂದು ಮೆತ್ತಗೆ ಕೇಳಿ.

ಎಷ್ಟು ದಿನದಲ್ಲಿ ಮುಗಿಯುತ್ತದೆ ಎಂದು ನೀವು ಅಂದುಕೊಂಡಿದ್ದೀರೋ ಅದಕ್ಕೆ ಅರ್ಧ ಸೇರಿಸಿ. ಇದು ನಮ್ಮ ಸರ್ಕಾರಿ ಕಚೇರಿಗಳ ಮೇಲಿನ ಕುಹಕವಲ್ಲ. 1994ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳನ್ನು ನಿಮ್ಮ ಪ್ರಬಂಧ ಎಷ್ಟು ದಿನಕ್ಕೆ ಮುಗಿದೀತು ಎಂದು ಕೇಳಿದರು. ಸರಾಸರಿ 34 ದಿನ ಎಂದರು. ಎಲ್ಲವೂ ತೀರಾ ಕೆಟ್ಟರೆ? 49 ದಿನ. ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಹೆಚ್ಚು. ಅಲ್ಲಿ ಯಾವ ಗುಮಾಸ್ತನೂ ಅಡ್ಡ ಬಂದಿರಲಿಲ್ಲ. ಮನುಷ್ಯ ಎಲ್ಲಿದ್ದರೂ ಮುಂದಿನ ಕೆಲಸವನ್ನು ಚಿಕ್ಕದಾಗಿಯೇ ಅಳೆಯುತ್ತಾನೆ, ಅಳತೆ ತಪ್ಪಿದಾಗ ತನ್ನನ್ನೇ ಬೈದುಕೊಳ್ಳುತ್ತಾನೆ. ಮನೆಯವರಿಗೆ ‘ಎಂಟು ತಿಂಗಳು’ ಎಂದು ಹೇಳುವ ಬದಲು ‘ಒಂದು ವರ್ಷ’ ಎಂದು ಹೇಳಿಬಿಟ್ಟರೆ ಎಲ್ಲರಿಗೂ ನೆಮ್ಮದಿ.

ಕೆಲವು ದಿನ ಪಟ್ಟಿ ಇದ್ದರೂ, ಕಾಗದವೆಲ್ಲ ಜೋಡಿಸಿಟ್ಟಿದ್ದರೂ ಎದ್ದು ಹೊರಡಲು ಆಗುವುದಿಲ್ಲ. ಅಪ್ಪನ ಸಹಿ ಕಂಡ ತಕ್ಷಣ ಕಣ್ಣು ತುಂಬಿ ಬರುತ್ತದೆ. ಅದು ಆಲಸ್ಯವಲ್ಲ, ಆ ದಿನ ಬೀರು ಮುಚ್ಚಿ. ಆದರೆ ತಿಂಗಳುಗಟ್ಟಲೆ ನಿದ್ದೆ ಇಲ್ಲ, ಊಟ ಸೇರದು, ಯಾವ ಕೆಲಸಕ್ಕೂ ಕೈ ಏಳದು ಎಂದಾದರೆ ಅದು ಕಾಗದದ ಸಮಸ್ಯೆ ಅಲ್ಲ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಮ್ಮನ ಬಗ್ಗೆಯೂ ಗಮನವಿರಲಿ. ಸಹಿ ಹಾಕಲು ಎಲ್ಲೆಡೆ ಕರೆದೊಯ್ಯುವ ಭರದಲ್ಲಿ ಆಕೆ ಹೇಗಿದ್ದಾಳೆ ಎಂದು ಕೇಳುವುದನ್ನೇ ಮರೆಯುತ್ತೇವೆ. ಆಕೆಗೆ ಹಣದ ವ್ಯವಹಾರ ಗೊತ್ತಿಲ್ಲವೆಂದು ನೀವು ಅಂದುಕೊಂಡಿದ್ದರೆ ಒಮ್ಮೆ ಕೇಳಿ ನೋಡಿ. ಯಾವ ಚೀಟಿ ಯಾರ ಬಳಿ ಇದೆ, ಯಾರಿಗೆ ಎಷ್ಟು ಕೈಗಡ ಕೊಟ್ಟಿದ್ದರು ಎಂಬುದು ಎಷ್ಟೋ ಸಲ ಆಕೆಗೆ ಮಾತ್ರ ಗೊತ್ತಿರುತ್ತದೆ.

ಮುಚ್ಚುವ ಕೆಲಸಗಳನ್ನು ಕೊನೆಗೆ ಇಡಿ. ಪಡಿತರ ಚೀಟಿಯಿಂದ ಹೆಸರು ತೆಗೆಸುವುದು, ಆಧಾರ್‌ನಲ್ಲಿ ಮರಣವನ್ನು ದಾಖಲಿಸುವುದು, ತೆರಿಗೆ ಲೆಕ್ಕವೆಲ್ಲ ಮುಗಿದ ಮೇಲೆ ಪ್ಯಾನ್ ಒಪ್ಪಿಸುವುದು, ಎಲ್ಲಕ್ಕೂ ಕೊನೆಗೆ ಸಿಮ್. ಮೊದಲೇ ಪ್ಯಾನ್ ಒಪ್ಪಿಸಿ ಆಮೇಲೆ ರೀಫಂಡ್ ಬಾಕಿ ಇದೆ ಎಂದು ಗೊತ್ತಾದರೆ ಪಜೀತಿ. ಜೊತೆಗೆ, ಅಮ್ಮನ ಹೆಸರಿಗೆ ಬದಲಾಗುವ ಪ್ರತಿ ಖಾತೆಗೂ ಅಲ್ಲೇ ನಾಮಿನಿ ಬರೆಸಿ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು. ಹೊಸ ಪಾಸ್‌ಬುಕ್ ಕೈಗೆ ಬರುವ ದಿನವೇ ಆ ಫಾರಂ ಕೇಳಿ ತುಂಬಿಸಿ, ಸ್ವೀಕೃತಿಯ ಪ್ರತಿಯನ್ನು ಅದೇ ನೋಟ್‌ಪುಸ್ತಕಕ್ಕೆ ಅಂಟಿಸಿಡಿ.